ಕೆರೆಯಾಚೆಯ ಹಕ್ಕಿ ಸ್ಕೋಪಿಗೆ ಸಿಗಬೇಕಾದರೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮೊದಲ ಸಲ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ಒಂಟಿಗಣ್ಣಿನ ದುರ್ಬೀನು) ಹೊತ್ತುಕೊಂಡು ಹೋದಾಗ ಮುಕ್ಕಾಲು ಗಂಟೆ ಬರೀ ನೀರು ನೋಡಿದ್ದೆ. ಆಚೆ ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡೇ ಕೂತಿತ್ತು. ಬರಿಗಣ್ಣಿಗೆ ಕಾಣುತ್ತಿತ್ತು, ಸ್ಕೋಪಿನೊಳಗೆ ಒಂದು ಹಕ್ಕಿಯೂ ಇಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜ ಬಂದು, "ಅಲ್ಲೇ ಕುಂತಾವಲ್ರೀ, ಕಾಣಂಗಿಲ್ಲೇನು?" ಅಂದರು. ಝೂಮನ್ನು 60ಕ್ಕೆ ತಿರುಗಿಸಿಟ್ಟುಕೊಂಡು ಹುಡುಕುತ್ತಿದ್ದೆ. ಎಡವಟ್ಟು ಆಗಿದ್ದು ಅಲ್ಲೇ.

ಅಂಗಡಿಯಲ್ಲಿ ಸಿಗುವ ಸ್ಕೋಪ್‌ಗಳ ಮೇಲೆ ಸಾಮಾನ್ಯವಾಗಿ 20-60x80 ಎಂದು ಬರೆದಿರುತ್ತದೆ. 20ರಿಂದ 60 ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜಿನ ಅಗಲ 80 ಮಿಲಿಮೀಟರ್ ಎಂದರ್ಥ. ಎಷ್ಟು ಪಟ್ಟು ಎಂಬುದನ್ನು ತೀರ್ಮಾನಿಸುವುದು ಐಪೀಸ್, ಅಂದರೆ ಕಣ್ಣಿಡುವ ಕಡೆಯ ಗಾಜು. ಲೆಕ್ಕ ಸುಲಭ, ಸ್ಕೋಪಿನ ಫೋಕಲ್ ಲೆಂತನ್ನು (ಗಾಜಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಐಪೀಸಿನದರಿಂದ ಭಾಗಿಸಿದರಾಯಿತು. ಸ್ಕೋಪಿನ ಫೋಕಲ್ ಲೆಂತ್ 480 ಮಿ.ಮೀ. ಇದ್ದು, 24 ಮಿ.ಮೀ. ಐಪೀಸ್ ಹಾಕಿದರೆ 20 ಪಟ್ಟು, 8 ಮಿ.ಮೀ. ಹಾಕಿದರೆ 60.

ಹಾಗಾದರೆ 60 ಜಾಸ್ತಿ ಒಳ್ಳೆಯದಲ್ವಾ? ಒಂದು ಪರೀಕ್ಷೆ ಮಾಡಿ. ಸ್ಕೋಪನ್ನು ಆಕಾಶದ ಕಡೆ, ಸೂರ್ಯ ಇಲ್ಲದ ದಿಕ್ಕಿಗೆ ತಿರುಗಿಸಿ. ಐಪೀಸಿನಿಂದ ಒಂದಡಿ ಹಿಂದೆ ನಿಂತು ನೋಡಿ. ಗಾಜಿನಲ್ಲೊಂದು ಬೆಳಕಿನ ಬಿಲ್ಲೆ ಕಾಣುತ್ತದೆ. ಝೂಮ್ 20ರಲ್ಲಿದ್ದಾಗ ಅದರ ಅಗಲ, 80ನ್ನು 20ರಿಂದ ಭಾಗಿಸಿದರೆ, 4 ಮಿ.ಮೀ., ಹೆಸರುಕಾಳಿನಷ್ಟು. 60ರಲ್ಲಿ ಅದೇ ಬಿಲ್ಲೆ ರಾಗಿಕಾಳಿನಷ್ಟಾಗುತ್ತದೆ. ಕಣ್ಣಿಗೆ ಬರುವ ಬೆಳಕೆಲ್ಲ ಆ ಕಾಳಿನೊಳಗಿಂದಲೇ ಬರಬೇಕು. ಮೋಡ ಕವಿದ ಬೆಳಗ್ಗೆ 60ರಲ್ಲಿ ಹಕ್ಕಿ ಮಸಿ ಬಳಿದಂತೆ ಕಾಣುವುದು ಇದಕ್ಕೇ.

ಒಂದೇ ಐಪೀಸ್ ಕೊಳ್ಳುವುದಾದರೆ ಝೂಮ್ ಇರಲಿ. ಕೆರೆ, ಅಳಿವೆಗಳಲ್ಲೇ ಹೆಚ್ಚು ಸುತ್ತುವವರಾದರೆ 25 ಅಥವಾ 30 ಪಟ್ಟಿನ ಅಗಲ ನೋಟದ ಐಪೀಸ್ ಸಾಕು. ನನಗಂತೂ ಅದೇ ಇಷ್ಟ. ಕನ್ನಡಕ ಹಾಕುವವರು ಐ ರಿಲೀಫ್ ಎಷ್ಟು ಎಂದು ಕೇಳಿ. ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದು ಪೂರ್ತಿ ನೋಟ ಪಡೆಯಬಹುದು ಎಂಬ ಅಳತೆ ಅದು. 15 ಮಿ.ಮೀ.ಗಿಂತ ಕಡಿಮೆಯಿದ್ದರೆ ಕನ್ನಡಕ ತೆಗೆದು ಹಾಕಿ ಮಾಡುವುದರಲ್ಲೇ ಬೆಳಗು ಕಳೆಯುತ್ತದೆ. ಇನ್ನೊಂದು ಮಾತು: ಒಂದು ಕಂಪನಿಯ ಐಪೀಸ್ ಇನ್ನೊಂದರ ಸ್ಕೋಪಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೂಕಾಲು ಇಂಚಿನ ಟೆಲಿಸ್ಕೋಪ್ ಐಪೀಸ್ ಹಿಡಿಯುವ ಸ್ಕೋಪ್‌ಗಳೂ ಇವೆ. ನಿಮ್ಮ ಸ್ಕೋಪನ್ನು ಅಂಗಡಿಗೆ ಒಯ್ದು ಕೂರಿಸಿ ನೋಡಿಯೇ ದುಡ್ಡು ಕೊಡಿ.

ಈಗ ಗುರಿ ಹಿಡಿಯುವುದು. ಮೊದಲು ಝೂಮನ್ನು 20ಕ್ಕೆ ತನ್ನಿ. ಅರ್ಧ ಕಿಲೋಮೀಟರ್ ದೂರದಲ್ಲಿ 20ರಲ್ಲಿ ಸುಮಾರು 18 ಮೀಟರ್ ಅಗಲ ಕಾಣುತ್ತದೆ, 60ರಲ್ಲಿ ಹತ್ತೇ ಮೀಟರ್. ಮೇಲೆ ಕೆಳಗೂ ಅಷ್ಟೇ ಕುಗ್ಗುತ್ತದೆ. ಆಮೇಲೆ ಸ್ಕೋಪನ್ನು ಮರೆತು ಬರಿಗಣ್ಣಿನಲ್ಲಿ ಗುರುತು ಹುಡುಕಿ: ಜಾಲಿ ಗಿಡ, ಲೈಟ್ ಕಂಬ, ಒಡ್ಡಿನ ಬಿಳಿ ಕಲ್ಲು. ಹಕ್ಕಿ ಆ ಗುರುತಿನ ಎಡಕ್ಕೋ ಬಲಕ್ಕೋ ನೋಡಿಕೊಳ್ಳಿ. ಮೊದಲು ಗುರುತನ್ನೇ ಸ್ಕೋಪಿನಲ್ಲಿ ಹಿಡಿದು, ನೀರಿನ ಅಂಚಿನಗುಂಟ ನಿಧಾನಕ್ಕೆ ಸರಿಯಿರಿ. ನಡು ನೀರಿಗೆ ನೇರ ಹಾರಿದರೆ ಎಲ್ಲ ಅಲೆಯೂ ಒಂದೇ ಥರ.

ನೇರ ಸ್ಕೋಪಿನಲ್ಲಿ ಕೊಳವೆಯ ಗುಂಟ ನೋಡಿದರೆ ದಿಕ್ಕು ಸಿಗುತ್ತದೆ. ಐಪೀಸ್ ಮೇಲಕ್ಕೆ ಬಾಗಿದ ಸ್ಕೋಪಿನಲ್ಲಿ ಕಷ್ಟ, ಹಕ್ಕಿ ಎದುರಿಗೆ, ಕಣ್ಣು ಕೆಳಕ್ಕೆ. ಅದಕ್ಕೆ ಎರಡು ರೂಪಾಯಿಯ ಉಪಾಯವಿದೆ. ವೈರ್ ಕಟ್ಟುವ ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಕೊಳವೆಯ ಮುಂದಿನ ತುದಿಗೆ ಬಿಗಿದು, ಬಾಲವನ್ನು ಒಂದಿಂಚು ಬಿಟ್ಟು ಕತ್ತರಿಸಿ. ದೂರದ ಕಂಬವನ್ನು ಸ್ಕೋಪಿನ ನಡುವೆ ಹಿಡಿದು, ತಲೆ ಎತ್ತಿ, ಬಾಲದ ತುದಿ ಅದೇ ಕಂಬದ ಮೇಲೆ ಕಾಣುವವರೆಗೆ ಟೈ ತಿರುಗಿಸಿ. ಮುಂದೆಂದಾದರೂ ತಲೆ ಅದೇ ಜಾಗದಲ್ಲಿಟ್ಟು ನೋಡಿದರೆ ಅದೇ ನಿಮ್ಮ ಗುರಿಗಡ್ಡಿ.

ಹಕ್ಕಿ ನಡುವೆ ಬಂತೇ? ಟ್ರೈಪಾಡಿನ ತಲೆ ಬಿಗಿಮಾಡಿ ಕೈ ತೆಗೆಯಿರಿ. ಆಮೇಲೆ ಝೂಮ್ ಏರಿಸಿ, ಫೋಕಸ್ ಮತ್ತೆ ಸರಿಮಾಡಿ. ಟ್ರೈಪಾಡಿನ ನಡುಗಂಬವನ್ನು ಆದಷ್ಟು ಎತ್ತಬೇಡಿ, ಗಾಳಿಗೆ ಅಲ್ಲಾಡುತ್ತದೆ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ಕುದಿಯತೊಡಗುತ್ತದೆ. ಆಗ ಎಂಥ ದುಬಾರಿ ಗಾಜಿದ್ದರೂ 60ರಲ್ಲಿ ಹೆಬ್ಬಾತು ನೀರಿನೊಳಗಿಂದ ನೋಡಿದಂತೆ ತೇಲಾಡುತ್ತದೆ. 25ಕ್ಕೆ ಇಳಿಸಿದರೆ ಚಿತ್ರ ಚಿಕ್ಕದಾದರೂ ನಿಲ್ಲುತ್ತದೆ.

60 ನಿಜಕ್ಕೂ ಬೇಕಾಗುವ ಒಂದು ಕೆಲಸವಿದೆ. ಮಂಗೋಲಿಯಾದಲ್ಲಿ ಕೆಲವು ಪಟ್ಟೆತಲೆ ಹೆಬ್ಬಾತುಗಳ ಕೊರಳಿಗೆ ಸಂಕೇತ ಬರೆದ ಪಟ್ಟಿ ತೊಡಿಸಿ ಬಿಡುತ್ತಾರೆ. ಮೈಸೂರು ಭಾಗದ ಹದಿನಾರು ಎಂಬ ಊರಿನ ಕೆರೆಯಲ್ಲಿ ಅಂಥವು ಕಂಡಿವೆ. ಪಟ್ಟಿ ಕಂಡರೆ ಬೆಳಗಿನ ತಂಪಿನಲ್ಲೇ ಝೂಮ್ ಏರಿಸಿ ಓದಿ, ಬರೆದುಕೊಳ್ಳಿ. ಜೊತೆಗಿದ್ದವರಿಗೆ ನೀವು ಓದಿದ್ದನ್ನು ಹೇಳದೆ ಅವರಿಂದಲೂ ಓದಿಸಿ. ಅಷ್ಟು ದೂರದಿಂದ ಇಂಗ್ಲಿಷಿನ ಬಿ ಮತ್ತು 8 ಒಂದೇ ಥರ ಕಾಣುತ್ತವೆ.