ಹಕ್ಕಿ ಫೋಟೊ ಅಲ್ಲ, ಮೊದಲು ಪಹಣಿ

ನಮ್ಮೂರ ಕೆರೆ ಈಗ ಸಂರಕ್ಷಣಾ ಮೀಸಲು ಪ್ರದೇಶ. ಏಳು ವರ್ಷದ ಕೆಳಗೆ ಈ ಮಾತು ಎತ್ತಿದಾಗ "ಕೊಕ್ಕರೆಗೆಲ್ಲ ಯಾರು ಗೆಜೆಟ್ ಹೊರಡಿಸ್ತಾರೆ ಮೇಷ್ಟ್ರೇ?" ಅಂದವರೇ ಜಾಸ್ತಿ. ಹೋದ ತಿಂಗಳು ಅಧಿಸೂಚನೆಯ ಪ್ರತಿಯನ್ನು ಪಂಚಾಯಿತಿ ಗೋಡೆಗೆ ನನ್ನ ಕೈಯಾರೆ ಅಂಟಿಸಿದೆ.

ಮೊದಲ ಎರಡು ವರ್ಷ ಒಂದೇ ಪದದಿಂದ ಹಾಳಾಯಿತು. ಅರ್ಜಿಯಲ್ಲಿ 'ಪಕ್ಷಿಧಾಮ' ಅಂತ ಬರೆದಿದ್ದೆ. ಗ್ರಾಮಸಭೆಯಲ್ಲಿ ಕುರಿ ಕಾಯುವವರು ಎದ್ದು ನಿಂತರು. ಅವರ ಭಯ ಸುಳ್ಳಲ್ಲ. ಧಾಮ ಅಂದರೆ ಹಕ್ಕುಗಳ ವಿಚಾರಣೆ, ಒಳಗೆ ಹೋಗಲು ಅನುಮತಿ, ಎಲ್ಲ ಬರುತ್ತದೆ. ಹಾಗಾಗಿ ವನ್ಯಜೀವಿ ಕಾಯ್ದೆಯ 36ಎ ಕಲಂ, ಅಂದರೆ ಸಂರಕ್ಷಣಾ ಮೀಸಲು, ಹಿಡಿದೆ. ಸರ್ಕಾರಿ ಕೆರೆಗೆ ಅದೇ ಸರಿ. ಹಕ್ಕಿ ಗೂಡು ಕಟ್ಟುವ ಮರಗಳು ಜನರ ಹಿತ್ತಲಲ್ಲಿದ್ದರೆ 36ಸಿ, ಅಂದರೆ ಸಮುದಾಯ ಮೀಸಲು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆಗಿದ್ದು ಅದು. ಉಸ್ತುವಾರಿ ಸಮಿತಿಯಲ್ಲಿ ಪಂಚಾಯಿತಿಯವರೂ ಕೂರುತ್ತಾರೆ ಅಂತ ಕಾಯ್ದೆಯ ಸಾಲನ್ನೇ ಓದಿ ಹೇಳಿದ ಮೇಲೆ ಊರು ತಣ್ಣಗಾಯಿತು.

ಆಮೇಲೆ ಕಡತ ಎರಡು ಸಲ ವಾಪಸ್ ಬಂತು. ಹಕ್ಕಿಗಳ ಫೋಟೊ ಆಲ್ಬಮ್ ಚೆನ್ನಾಗಿತ್ತು, ಚಕ್ಕುಬಂದಿ ತಾಳೆಯಾಗಲಿಲ್ಲ. ಪಹಣಿಯಲ್ಲಿ ಸುಮಾರು 140 ಎಕರೆ, ನೆಲದ ಮೇಲೆ ಅಳೆದರೆ 120ರ ಆಸುಪಾಸು. ಕೋಡಿ ಕಡೆಯ ಗಡಿಕಲ್ಲು ಹುಡುಕಲು ಎರಡು ದಿನ ಹಿಡಿಯಿತು. ಕೊನೆಗೆ ಬಳ್ಳಾರಿ ಜಾಲಿ ಪೊದೆಯೊಳಗೆ ತಲೆ ಮಾತ್ರ ಕಂಡಿತು, ಉಳಿದದ್ದೆಲ್ಲ ಹೂಳಿನಲ್ಲಿ. ಒತ್ತುವರಿ ಬಿಡಿಸಿಕೊಂಡೇ ಮುಂದೆ ಹೋಗೋಣ ಅಂತ ಕೂತಿದ್ದರೆ ಇವತ್ತಿಗೂ ಆಗುತ್ತಿರಲಿಲ್ಲ. ತಕರಾರಿಲ್ಲದ ಜಾಗಕ್ಕೆ ಮಾತ್ರ ನಕ್ಷೆ ಮಾಡಿಸಿದೆ. ಉಳಿದದ್ದು ಬೇರೆ ಅರ್ಜಿ, ಬೇರೆ ಹೋರಾಟ, ಅದನ್ನೂ ಬಿಟ್ಟಿಲ್ಲ.

ಖರ್ಚು ಒಟ್ಟು ನಲವತ್ತೈದು ಸಾವಿರದ ಹತ್ತಿರ. ಅಳತೆಗೇ ಹದಿನೆಂಟು ಹೋಯಿತು. ಉಳಿದದ್ದು ಬಸ್ಸು, ಜೆರಾಕ್ಸು, ಬೆಂಗಳೂರಿನ ರಾತ್ರಿಗಳು. ಮುಕ್ಕಾಲು ಪಾಲು ನನ್ನ ಜೇಬಿನದೇ.

ಕೆರೆಯ ಮೀನಿನ ಗುತ್ತಿಗೆಯವರ ಒಪ್ಪಿಗೆ ಸಹಿ ಹೇಗೆ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರಿಗೆ ಸಿಕ್ಕರೆ ಹೇಳುತ್ತೇನೆ. ಲಂಚ ಅಂತೂ ಅಲ್ಲ.

ಹಕ್ಕಿ ಎಣಿಕೆ ಬಗ್ಗೆ ಒಂದು ಮಾತು. ಒಂದು ದಿನದ ಲೆಕ್ಕ ಸಾಲದು. ನಾಲ್ಕು ವರ್ಷ, ತಿಂಗಳಿಗೆರಡು ಸಲ, ಅದೇ ಏರಿ, ಅದೇ ಹೊತ್ತು. ಬಣ್ಣದ ಕೊಕ್ಕರೆಯ ಗೂಡು ಮೊದಲ ವರ್ಷ ಅರವತ್ತು ಚಿಲ್ಲರೆ, ಈಗ ಇನ್ನೂರು ದಾಟಿದೆ. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆಗಳು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವಲ್ವಾ, ಅವೂ ಮೊದಲು ಸಂರಕ್ಷಣಾ ಮೀಸಲುಗಳೇ.

ಗೂಡಿನ ಮರಗಳು ನೀರಲ್ಲಿ ನಿಂತು ನಿಂತು ಒಣಗುತ್ತಿದ್ದವು. ಸುಮ್ನೆ ನೋಡಲಾಗದೆ ಬೇಸಿಗೆಯಲ್ಲಿ ಕೆರೆಯಂಗಳದಲ್ಲಿ ಆರು ಮಣ್ಣಿನ ದಿಬ್ಬ ಹಾಕಿಸಿದೆ. ಕುರಿಹಟ್ಟಿಯಿಂದ ತಂದ ಕರಿಜಾಲಿ ಬೀಜ ಬಿತ್ತಿದೆ, ಕುರಿ ಹೊಟ್ಟೆಯಿಂದ ಬಂದ ಬೀಜ ಬೇಗ ಮೊಳೆಯುತ್ತದೆ. ಎರಡು ದಿಬ್ಬ ಮೊದಲ ಮಳೆಗೇ ಕರಗಿದವು. ಉಳಿದ ನಾಲ್ಕರಲ್ಲಿ ಗಿಡ ಎದೆಮಟ್ಟ ಬಂದಿದೆ. ಮೊನ್ನೆ ಒಂದರ ಮೇಲೆ ಎರಡು ಬೆಳ್ಳಕ್ಕಿ ಕೂತಿದ್ದವು, ಕೊಂಬೆ ಬಾಗುವಷ್ಟು.