ಕೆಂಪು ಬಣ್ಣ ನಂಬಿ ಮೋಸಹೋದೆ

ಮಾರಿಷಸ್‌ಗೆ ಬಂದ ಮೊದಲ ವರ್ಷ ಹಕ್ಕಿ ನೋಟ್‌ಬುಕ್ಕಿನಲ್ಲಿ ನನ್ನ ಲೆಕ್ಕ ಸುಲಭವಾಗಿತ್ತು. ಕೆಂಪಗಿದ್ದರೆ ಫೋಡಿ ಅನ್ನೋ ಪುಟ್ಟ ಹಕ್ಕಿ, ಕಂದು ಬಣ್ಣದ್ದಾದರೆ ‘ಯಾವುದೋ ಗುಬ್ಬಿ’. ನವೆಂಬರ್‌ನಲ್ಲಿ ಅಂಗಳದ ತುಂಬ ಕೆಂಪು ಹಕ್ಕಿಗಳು. ಜೂನ್‌ನಲ್ಲಿ ನೋಡಿದರೆ ಒಂದೂ ಇಲ್ಲ. ‘ವಲಸೆ ಹೋಗಿವೆ’ ಅಂತ ಬರೆದಿಟ್ಟಿದ್ದೆ!

ಎಲ್ಲಿಗೂ ಹೋಗಿರಲಿಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಕೂಡ ಹೆಣ್ಣಿನ ಹಾಗೆ ಕಂದಾಗುತ್ತದೆ. ನಮ್ಮೂರ ಗೀಜಗನ ಹಳದಿ ಟೋಪಿಯೂ ಹೀಗೇ ಮಾಯವಾಗುತ್ತದೆ ಅಲ್ವಾ? ಫೋಡಿಯೂ ಗೀಜಗನ ಕುಟುಂಬದ್ದೇ ಅಂತ ಆಮೇಲೆ ಗೊತ್ತಾಯಿತು.

ಕಣ್ಣು ತೆರೆಸಿದ್ದು ಇಲ್ ಓ ಝೆಗ್ರೆಟ್. ಮಹೇಬೂರ್ ಊರಿನ ಹತ್ತಿರ, ಬರೀ 26 ಹೆಕ್ಟೇರಿನ ಪುಟ್ಟ ದ್ವೀಪ. ದೊಡ್ಡ ದ್ವೀಪದ ಕಾಡಿನಲ್ಲಿ ಇಲಿಗಳ ಕಾಟ ಜಾಸ್ತಿ, ಮೊಟ್ಟೆ ಮರಿ ಉಳಿಯುವುದು ಕಷ್ಟ. ಅದಕ್ಕೇ ಅಪರೂಪದ ಮಾರಿಷಸ್ ಫೋಡಿಯನ್ನು ಇಲ್ಲಿ ತಂದು ಬಿಟ್ಟಿದ್ದಾರೆ. ಇದರ ಗಂಡಿಗೆ ತಲೆ, ಎದೆ, ಬಾಲದ ಬುಡ ಮಾತ್ರ ಕೆಂಪು. ನನ್ನ ಅಂಗಳದ್ದಕ್ಕೆ ಹೊಟ್ಟೆಯವರೆಗೂ ಕೆಂಪು. ಅದು ಜನ ತಂದು ಬಿಟ್ಟ ಮಡಗಾಸ್ಕರ್ ಫೋಡಿ.

ಸರಿ, ಹೆಣ್ಣನ್ನು ಹೇಗೆ ಗುರುತಿಸೋದು? ಒಂದು ಕಂದು ಹಕ್ಕಿ ಮೂರಡಿ ದೂರದಲ್ಲಿ ತೊಗಟೆಯ ಸಂದಿಗೆ ಕೊಕ್ಕು ತೂರಿಸಿ ಹುಳ ಎಳೆಯುತ್ತಿತ್ತು. ಕೊಕ್ಕು ಸಪೂರ. ಅಂಗಳದ್ದು ಹುಲ್ಲಿನ ಬೀಜ ಒಡೆಯುವ ಹಕ್ಕಿ, ಅದರ ಕೊಕ್ಕು ದಪ್ಪ. ಅವತ್ತಿನಿಂದ ನಾನು ಮೊದಲು ಕೊಕ್ಕು ನೋಡ್ತೀನಿ, ಬಣ್ಣ ಆಮೇಲೆ.

ಮನೆಗೆ ಬಂದು ಇಡೀ ಫೋಡಿ ಕುಲಕ್ಕೆ ಒಂದು ಪಟ್ಟಿ ಹಾಕಿದೆ. ದ್ವೀಪ, ಕೊಕ್ಕು, ಊಟ, ಕೊನೆಗೆ ಬಣ್ಣ. ರೊಡ್ರಿಗಸ್‌ನದು ಹಳದಿ, ಸೆಶೆಲ್ಸ್‌ನದು ಮಾಸಲು ಕಂದು. ಇವೆರಡರಲ್ಲಿ ತಕರಾರಿಲ್ಲ. ಸಿಕ್ಕಿಹಾಕಿಕೊಂಡಿದ್ದು ಅಲ್ಡಾಬ್ರಾ ದ್ವೀಪದ ಫೋಡಿಯಲ್ಲಿ. ಹಳೇ ಪಟ್ಟಿಗಳು ಅದನ್ನು ಕೊಮೊರೊಸ್ ಫೋಡಿಯ ಉಪಜಾತಿ ಅನ್ನುತ್ತವೆ. ಹೊಸ ಪಟ್ಟಿಯಲ್ಲಿ ಬೇರೆಯೇ ಪ್ರಭೇದ. ಹಾಗಾಗಿ ಈಗ ಬದುಕಿರುವ ಫೋಡಿಗಳು ಎಷ್ಟು ಅಂದರೆ 6 ಅಂತಲೂ ಹೇಳಬಹುದು, 7 ಅಂತಲೂ ಹೇಳಬಹುದು. ನಾನು ಅಲ್ಡಾಬ್ರಾ ಫೋಡಿಯ ಹೊಟ್ಟೆಯ ಹಳದಿ ನೋಡಿ 7ರ ಪರ. ಬಣ್ಣ ನಂಬಬಾರದು ಅಂತ ಈಗಷ್ಟೇ ಹೇಳಿದವಳು ನಾನೇ, ಗೊತ್ತು.

ಮಡಗಾಸ್ಕರ್‌ನ ಕಾಡು ಫೋಡಿ ಇನ್ನೂ ತಲೆನೋವು. ಕಾಡಿನಂಚಿನಲ್ಲಿ ಅದು ಬಯಲಿನ ಫೋಡಿಯ (ನನ್ನ ಅಂಗಳದ್ದೇ, ಮಡಗಾಸ್ಕರ್ ಫೋಡಿ) ಜೊತೆ ಕೂಡಿ ಬೆರಕೆ ಮರಿ ಮಾಡುತ್ತದೆ. ಆ ಸಾಲನ್ನು ಪೆನ್ಸಿಲ್‌ನಲ್ಲೇ ಬರೆದಿದ್ದೇನೆ.