ಲಂಡನ್ನಿನಿಂದ ಒಂದೇ ದಿನದಲ್ಲಿ ಬಾತ್: ಬೆಳಿಗ್ಗೆ ಬಿಸಿನೀರ ಬುಗ್ಗೆ, ಮಧ್ಯಾಹ್ನ ಹಳ್ಳಿ

ಊರಿನಿಂದ ಲಂಡನ್ನಿಗೆ ಬಂದ ಅಪ್ಪ-ಅಮ್ಮನನ್ನು ಒಂದು ದಿನ ಹೊರಗೆ ಕರೆದೊಯ್ಯಲು ಬಾತ್ ಬಹಳ ಒಳ್ಳೆಯ ಜಾಗ. ಆದರೆ ಇತಿಹಾಸಪೂರ್ವ ಕಾಲದ ಕಲ್ಲುಗಳ ವೃತ್ತವಾದ ಸ್ಟೋನ್‌ಹೆಂಜನ್ನೂ ಅದೇ ದಿನಕ್ಕೆ ತುರುಕಬೇಡಿ. ಎಲ್ಲವನ್ನೂ ತೋರಿಸುವ ಬಸ್ ಪ್ಯಾಕೇಜಿನಲ್ಲಿ ಹೊತ್ತೆಲ್ಲ ಸೀಟಿನಲ್ಲೇ ಕಳೆದು, ನೋಡಬೇಕಾದದ್ದನ್ನು ಓಡೋಡಿ ನೋಡಬೇಕಾಗುತ್ತದೆ. ಒಂದು ನಗರ, ಹತ್ತಿರದ ಲೇಕಾಕ್ ಎಂಬ ಒಂದು ಹಳ್ಳಿ ಸಾಕು.

ಹೊರಡಲು ಶನಿವಾರ ಅನುಕೂಲ. ಭಾನುವಾರ ಹಳ್ಳಿ ಬಸ್ಸುಗಳನ್ನು ನಂಬಿ ಹೊರಡುವಂತಿಲ್ಲ. ಪ್ಯಾಡಿಂಗ್ಟನ್‌ನಿಂದ ಬಾತ್ ಸ್ಪಾ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಟಿಕೆಟ್ ಕೊಳ್ಳುವಾಗಲೇ ಹಲವರು ಎಡವುತ್ತಾರೆ: ‘ಅಡ್ವಾನ್ಸ್’ ಟಿಕೆಟ್ ಅಗ್ಗ, ಆದರೆ ಅದರಲ್ಲಿ ನಡುವೆ ಇಳಿದು ಹತ್ತುವಂತಿಲ್ಲ. ಹಳ್ಳಿಗೆ ಹೋಗಲು ಇಳಿಯಬೇಕಾದ ಚಿಪ್ಪನ್‌ಹ್ಯಾಮ್ ಇದೇ ಮಾರ್ಗದಲ್ಲಿದೆ. ಹಾಗಾಗಿ ಹೋಗಲು ಅಡ್ವಾನ್ಸ್ ಆದರೂ ಸರಿ, ಮರಳಲು ಚಿಪ್ಪನ್‌ಹ್ಯಾಮ್‌ನಿಂದಲೇ ಬೇರೆ ಟಿಕೆಟ್ ತೆಗೆದುಕೊಳ್ಳಿ. ಇಲ್ಲವೇ ‘ಆಫ್-ಪೀಕ್ ರಿಟರ್ನ್’ ಕೊಂಡು, ನಡುವೆ ಇಳಿಯಲು ಅದರಲ್ಲಿ ಅವಕಾಶವಿದೆಯೇ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಇಬ್ಬರೇ ಹೋಗುವುದಾದರೆ ‘ಟು ಟುಗೆದರ್’ ರೈಲ್‌ಕಾರ್ಡ್ ದರದಲ್ಲಿ ಮೂರನೇ ಒಂದು ಪಾಲು ಉಳಿಸುತ್ತದೆ.

ಬಿಸಿನೀರ ಬುಗ್ಗೆಯ ಮೇಲೆ ರೋಮನ್ನರು ಕಟ್ಟಿದ ಸ್ನಾನಗೃಹ ‘ರೋಮನ್ ಬಾತ್ಸ್’ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಪ್ರವೇಶದ ಹೊತ್ತನ್ನು ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಿ; ಬಾಗಿಲು ತೆರೆದ ಮೊದಲ ಗಂಟೆಯೇ ಒಳ್ಳೆಯದು, ಆಮೇಲೆ ಜನಜಂಗುಳಿ. ಎರಡು ಗಂಟೆ ಇಟ್ಟುಕೊಳ್ಳಿ. ಎಲ್ಲರೂ ದೊಡ್ಡ ಕೊಳದ ಹಸಿರು ನೀರಿನ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಆ ಹಸಿರು ಪಾಚಿಯದು. ರೋಮನ್ನರ ಕಾಲದಲ್ಲಿ ಮೇಲೆ ಚಾವಣಿಯಿತ್ತು, ಈಗ ಬಿಸಿಲು ನೇರವಾಗಿ ಬೀಳುವುದರಿಂದ ಪಾಚಿ ಬೆಳೆಯುತ್ತದೆ. ನೀವು ನಿಜವಾಗಿ ನಿಂತು ನೋಡಬೇಕಾದದ್ದು ಬುಗ್ಗೆಯ ಹೆಚ್ಚುವರಿ ನೀರು ಹೊರಬೀಳುವ ಕಲ್ಲಿನ ಕಮಾನು. ಹಬೆಯಾಡುತ್ತಾ ನೀರು ಧುಮುಕುತ್ತದೆ, ಕಬ್ಬಿಣದಂಶಕ್ಕೆ ಕಲ್ಲೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮೆಂಡಿಪ್ ಬೆಟ್ಟಗಳ ಮೇಲೆ ಬಿದ್ದ ಮಳೆ ಸುಣ್ಣಕಲ್ಲಿನ ಆಳಕ್ಕಿಳಿದು, ಭೂಮಿಯ ಒಳಗಿನ ಶಾಖಕ್ಕೆ ಕಾದು, ಬಿರುಕುಗಳ ಮೂಲಕ ಇಲ್ಲಿ ಮೇಲೇಳುತ್ತದೆ: 46 ಡಿಗ್ರಿ ಸೆಲ್ಸಿಯಸ್, ದಿನಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು.

ಕೊಳಕ್ಕೆ ಕೈ ಅದ್ದಬೇಡಿ, ಆ ನೀರು ಶುದ್ಧೀಕರಿಸಿದ್ದಲ್ಲ. 1978ರಲ್ಲಿ ಇಲ್ಲಿನ ಬುಗ್ಗೆಯ ನೀರಿನಲ್ಲಿದ್ದ ಅಮೀಬಾ ಸೋಂಕಿನಿಂದ ಬಾಲಕಿಯೊಬ್ಬಳು ತೀರಿಕೊಂಡಿದ್ದಳು. ಶುದ್ಧೀಕರಿಸಿದ ನೀರು ಪಕ್ಕದ ‘ಪಂಪ್ ರೂಮ್’ ಎಂಬ ಹಳೆಯ ಉಪಾಹಾರ ಮಂದಿರದಲ್ಲಿ ಸಿಗುತ್ತದೆ. ಬೆಚ್ಚಗೆ, ಖನಿಜದ ಗಾಢ ರುಚಿ. ತೀರ್ಥದಂತೆ ಒಂದು ಗುಟುಕು ಸಾಕು. ಮೈ ನೆನೆಸಲೇಬೇಕೆನ್ನುವವರಿಗೆ 2006ರಲ್ಲಿ ತೆರೆದ ಥರ್ಮೆ ಬಾತ್ ಸ್ಪಾ ಇದೆ. ಆದರೆ ಅದರ ಮುಖ್ಯ ಕಟ್ಟಡಕ್ಕೆ 16 ವರ್ಷದೊಳಗಿನವರನ್ನು ಬಿಡುವುದಿಲ್ಲ, ಮತ್ತು ಅಲ್ಲಿಗೆ ಹೋದರೆ ಆ ದಿನ ಹಳ್ಳಿಯನ್ನು ಬಿಟ್ಟುಕೊಡಬೇಕು.

ನಂತರ ಪಲ್ಟ್ನಿ ಸೇತುವೆ. ಎರಡೂ ಬದಿ ಅಂಗಡಿಗಳಿರುವುದರಿಂದ ಅದರ ಮೇಲೆ ನಡೆದರೆ ಸೇತುವೆ ಅಂತಲೇ ತಿಳಿಯದು. ಗ್ರ್ಯಾಂಡ್ ಪೆರೇಡ್ ಬೀದಿಯಿಂದ ನೋಡಿ. ಅಲ್ಲಿಂದ ರಾಯಲ್ ಕ್ರೆಸೆಂಟಿಗೆ ಏರುದಾರಿ, ಸುಮಾರು ಇಪ್ಪತ್ತು ನಿಮಿಷ. ಮಂಡಿನೋವಿರುವ ಹಿರಿಯರಿದ್ದರೆ ಟ್ಯಾಕ್ಸಿಯಲ್ಲಿ ಮೇಲೆ ಹೋಗಿ ನಡೆದು ಇಳಿಯಿರಿ. 1767ರಿಂದ 1774ರವರೆಗೆ ಕಟ್ಟಿದ 30 ಮನೆಗಳ ಈ ಅರ್ಧಚಂದ್ರದ ಮುಂಭಾಗ ಒಂದೇ ಅಚ್ಚು. ಹಿಂಭಾಗಕ್ಕೂ ಸುತ್ತಿಬನ್ನಿ: ಮುಂಗೋಡೆ ಮಾತ್ರ ಎಲ್ಲರಿಗೂ ಒಂದೇ, ಹಿಂದಿನ ಮನೆಯನ್ನು ಕೊಂಡವರು ತಂತಮ್ಮ ಇಷ್ಟದಂತೆ ಕಟ್ಟಿಸಿಕೊಂಡರು, ಒಂದು ಉಬ್ಬಿದ್ದರೆ ಇನ್ನೊಂದು ತಗ್ಗಿದೆ.

ಊಟಕ್ಕೆ ಸ್ಯಾಲಿ ಲನ್ ಬನ್ ಹೆಸರುವಾಸಿ. ಹಿಟ್ಟಿಗೆ ಬೆಣ್ಣೆ, ಮೊಟ್ಟೆ ಹಾಕುವುದರಿಂದ ಮೊಟ್ಟೆ ತಿನ್ನದವರು ಬುತ್ತಿ ಕಟ್ಟಿಕೊಂಡು ಬರುವುದೇ ವಾಸಿ. ಕ್ರೆಸೆಂಟಿನ ಕೆಳಗಿನ ಪಾರ್ಕಿನ ಹುಲ್ಲಿನ ಮೇಲೆ ಚಪಾತಿ-ಪಲ್ಯ ಬಿಚ್ಚಬಹುದು.

ಒಂದೂವರೆಯೊಳಗೆ ರೈಲು ಹತ್ತಿ. ಚಿಪ್ಪನ್‌ಹ್ಯಾಮ್‌ಗೆ ಹದಿನೈದು ನಿಮಿಷವೂ ಬೇಡ. ಅಲ್ಲಿಂದ ಲೇಕಾಕ್ ಐದು ಕಿಲೋಮೀಟರ್, ಬಸ್ಸಿದೆ. ಇಳಿದ ಕೂಡಲೇ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಳ್ಳಿಯ ಬಹುಪಾಲು ಮನೆಗಳು 1944ರಿಂದ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ ಸಂಸ್ಥೆಯವು. ನಾಲ್ಕೇ ಬೀದಿ, ತಿರುಗಾಡಲು ದುಡ್ಡು ಕೊಡಬೇಕಿಲ್ಲ, ಹಿಂದೆ ಕ್ರೈಸ್ತ ಮಠವಾಗಿದ್ದ ‘ಅಬಿ’ ಎಂಬ ಮಹಲಿಗೆ ಮಾತ್ರ ಟಿಕೆಟ್. ಅದರ ದಕ್ಷಿಣ ಗೋಡೆಯ ಪುಟ್ಟ ಜಾಲರಿ ಕಿಟಕಿಯನ್ನು ತಪ್ಪಿಸಬೇಡಿ. 1835ರಲ್ಲಿ ಅದರ ಒಡೆಯ, ಛಾಯಾಗ್ರಹಣದ ಆದ್ಯರಲ್ಲಿ ಒಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತೆಗೆದ, ಅಂಚೆಚೀಟಿಯಷ್ಟಿರುವ ಈ ಕಿಟಕಿಯ ಚಿತ್ರವೇ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್.

ಕಾರಿದ್ದವರು ಕಾಸಲ್ ಕೂಂಬ್ ಎಂಬ ಇನ್ನೊಂದು ಹಳ್ಳಿಯನ್ನೂ ಸೇರಿಸಿಕೊಳ್ಳಬಹುದು. ಕಾರನ್ನು ಮೇಲಿನ ಪಾರ್ಕಿಂಗಿನಲ್ಲೇ ಬಿಟ್ಟು ಹತ್ತು ನಿಮಿಷ ಇಳಿದು ಹೋಗಿ. ಕೆಳಗಿನ ಬೀದಿ ಇಕ್ಕಟ್ಟು. ಅಲ್ಲಿನ ಜೇನುಬಣ್ಣದ ಮನೆಗಳಲ್ಲಿ ಜನ ವಾಸವಾಗಿದ್ದಾರೆ, ಕಿಟಕಿಗೆ ಮುಖ ಒತ್ತಿ ಇಣುಕಬೇಡಿ. ಚರ್ಚಿನೊಳಗೆ ಮುಖಫಲಕವೇ ಇಲ್ಲದ ಹಳೆಯ ಗಡಿಯಾರವೊಂದಿದೆ, ಅದು ಗಂಟೆ ಬಾರಿಸಿಯೇ ಹೊತ್ತು ತಿಳಿಸುತ್ತದೆ.

ಡಿಸೆಂಬರಿನಲ್ಲಿ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಆ ತಿಂಗಳಲ್ಲಿ ಹೋಗುವವರು ಕ್ರೆಸೆಂಟನ್ನು ಬಿಟ್ಟು ಹನ್ನೆರಡಕ್ಕೇ ಬಾತ್‌ನಿಂದ ಹೊರಡಬೇಕು.